ಅಂತಿಮ ಪರೀಕ್ಷೆಯೂ ಅನಿಶ್ಚಿತ ಉದ್ಯೋಗವೂ: ಒಂದು ಚಾರಿತ್ರಿಕ ಅವಲೋಕನ

ಪದವಿ ತರಗತಿಯ ಕಡೆಯ ಸೆಮಿಸ್ಟರಿನಲ್ಲಿ ಓದುತ್ತಿರುವ ವಿದ್ಯಾರ್ಥಿಯ ಹೆಗಲ ಮೇಲೆ ಎರಡು ಭಾರಗಳಿರುತ್ತವೆ. ಪಠ್ಯವಿಷಯಗಳು, ಆಂತರಿಕ ಪರೀಕ್ಷೆಗಳು, ಪ್ರಬಂಧ, ಯೋಜನಾ ವರದಿ, ಇವು ಕಣ್ಣಿಗೆ ಕಾಣುವ ಭಾರ. ಇದಾದ ಮೇಲೆ ಮುಂದೇನು ಎಂಬುದು ಕಣ್ಣಿಗೆ ಕಾಣದ ಭಾರ. ಮೊದಲನೆಯದನ್ನು ಹೊರಲು ಚಿತ್ತಸ್ವಾಸ್ಥ್ಯ ಬೇಕು. ಎರಡನೆಯದು ಆ ಸ್ವಾಸ್ಥ್ಯವನ್ನೇ ಕದಡುತ್ತದೆ. ಇದನ್ನು ಕಂಡ ಹಿರಿಯರು ಸಾಮಾನ್ಯವಾಗಿ ಆಡುವ ಮಾತೊಂದುಂಟು: ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಈಗಿನ ತರುಣರಲ್ಲಿ ಧೈರ್ಯ ಸಾಲದು ಎಂದು. ಮಾತು ಸದುದ್ದೇಶದಿಂದಲೇ ಹೊರಟುದಾದರೂ ಇತಿಹಾಸ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಈ ಉಭಯ ಸಂಕಟಕ್ಕೆ ಒಂದು ಹುಟ್ಟಿದ ದಿನವಿದೆ. ಅಂದಿನಿಂದ ಇಂದಿನವರೆಗೆ ಅದನ್ನು ಅನುಭವಿಸದ ತಲೆಮಾರು ಇಲ್ಲವೆಂದೇ ಹೇಳಬೇಕು.

ಪೂರ್ವಕಾಲದಲ್ಲಿ ಅಗ್ರಹಾರ, ಮಠ, ಮದ್ರಸಾ, ಐಗಳ ಶಾಲೆಗಳಲ್ಲಿ ವಿದ್ಯೆ ಇತ್ತು, ವಿದ್ಯಾರ್ಥಿಗಳಿದ್ದರು, ವಾಕ್ಯಾರ್ಥಗಳೂ ನಡೆಯುತ್ತಿದ್ದವು. ಆದರೆ ಇಂಥ ದಿನ, ಇಂಥ ವೇಳೆಗೆ, ಇಷ್ಟು ಪ್ರಶ್ನೆಗಳಿಗೆ ಉತ್ತರ ಬರೆದವನಿಗೆ ಮಾತ್ರ ಸರಕಾರದ ಹುದ್ದೆಗೆ ಅರ್ಹತೆ ಎಂಬ ಕಟ್ಟು ಇರಲಿಲ್ಲ. ಹಾಗೆಂದು ಆ ಕಾಲವನ್ನು ನೆನೆದು ಹಲುಬುವುದು ಸಲ್ಲದು. ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುತ್ತಿತ್ತು, ಗೌಡಿಕೆಯೂ ಹಾಗೆಯೇ. ಉದ್ಯೋಗ ಅನಿಶ್ಚಿತವಾಗಿರಲಿಲ್ಲವೆಂದರೆ ಅದು ಹುಟ್ಟಿನಿಂದಲೇ ನಿಶ್ಚಿತವಾಗಿತ್ತೆಂದು ಅರ್ಥ. ಬಹುಸಂಖ್ಯಾತರ ಪಾಲಿಗೆ ಅದು ಇಲ್ಲವೆಂದೇ ನಿಶ್ಚಿತವಾಗಿತ್ತು.

ಈ ವ್ಯವಸ್ಥೆ ಮುರಿಯತೊಡಗಿದ್ದು ೧೮೪೪ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಒಂದು ನಿರ್ಣಯ ಹೊರಡಿಸಿ, ಸರಕಾರಿ ನೌಕರಿಗೆ ಆಯ್ಕೆ ಮಾಡುವಾಗ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಪ್ರಾಶಸ್ತ್ಯ ನೀಡತಕ್ಕದ್ದೆಂದು ವಿಧಿಸಿದನು. ವಿದ್ಯೆಯ ಕೊರಳಿಗೂ ಹುದ್ದೆಯ ಕೊರಳಿಗೂ ಒಂದೇ ಹಗ್ಗ ಬಿದ್ದುದು ಅಂದು. ಹತ್ತು ವರ್ಷಗಳ ತರುವಾಯ, ೧೮೫೪ರಲ್ಲಿ, ಚಾರ್ಲ್ಸ್ ವುಡ್ ಕಳುಹಿದ ಪ್ರಸಿದ್ಧ ನಿರೂಪವು ವಿಶ್ವವಿದ್ಯಾನಿಲಯಗಳ ಸ್ಥಾಪನೆಯನ್ನು ಸೂಚಿಸಿತು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಅವು ಸ್ಥಾಪನೆಗೊಂಡವು. ಈ ಮೂರೂ ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿದವು. ಅಂದರೆ, ಪಾಠ ಹೇಳುವ ಕಾರ್ಯ ಕಾಲೇಜುಗಳದು, ಪರೀಕ್ಷೆ ನಡೆಸುವುದಷ್ಟೇ ವಿಶ್ವವಿದ್ಯಾನಿಲಯದ ಕಾರ್ಯ. ನಮ್ಮ ದೇಶದಲ್ಲಿ ಆಧುನಿಕ ವಿಶ್ವವಿದ್ಯಾನಿಲಯವು ಜನಿಸಿದ್ದೇ ಪರೀಕ್ಷಾ ಮಂಡಲಿಯಾಗಿ ಎಂಬುದನ್ನು ವಾಚಕರು ಗಮನಿಸಬೇಕು. ಮುಂದಿನ ಅನೇಕ ಅನರ್ಥಗಳ ಬೀಜ ಇಲ್ಲಿದೆ.

ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆ ೧೮೫೮ರಲ್ಲಿ ನಡೆಯಿತು. ಅದರಲ್ಲಿ ತೇರ್ಗಡೆಯಾದವರು ಇಬ್ಬರೇ: ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬಸು. ಅವರಿಗೂ ಕೃಪಾಂಕಗಳ ನೆರವು ಬೇಕಾಯಿತು. ಮುಂದೆ ವಂಗ ಸಾಹಿತ್ಯದ ದಿಕ್ಕನ್ನೇ ಬದಲಿಸಿದ ಮಹಾಶಯರು ಕೃಪಾಂಕದಿಂದ ಪದವೀಧರರಾದರೆಂಬ ಸಂಗತಿ ನಮ್ಮ ಇಂದಿನ ವಿದ್ಯಾರ್ಥಿಗಳಿಗೆ ಸ್ವಲ್ಪ ಸಮಾಧಾನ ಕೊಟ್ಟರೆ ಆಕ್ಷೇಪಣೆಯಿಲ್ಲ. ಅದೇ ವರ್ಷವೇ ಬಂಕಿಮಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ನಿಯುಕ್ತರಾದರು. ಪರೀಕ್ಷೆಗೂ ಹುದ್ದೆಗೂ ನಡುವಣ ಅಂತರ ಕೆಲವೇ ತಿಂಗಳು. ಪದವೀಧರರು ಬೆರಳೆಣಿಕೆಯಷ್ಟಿದ್ದು ಹುದ್ದೆಗಳು ಹಲವಿದ್ದ ಆ ಅಲ್ಪಕಾಲದ ನೆನಪೇ ‘ಓದಿದರೆ ನೌಕರಿ’ ಎಂಬ ಗಾದೆಯಂಥ ನಂಬಿಕೆಯಾಗಿ ನಮ್ಮ ಮನೆಮನೆಗಳಲ್ಲಿ ಉಳಿದುಬಂದಿದೆ.

ಮುಂಬಯಿಯಲ್ಲಿ ಮೊದಲ ಬಿ.ಎ. ತಂಡ ಹೊರಬಂದುದು ೧೮೬೨ರಲ್ಲಿ. ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಾಂಡಾರಕರ ಆ ತಂಡದವರು. ರಾನಡೆಯವರು ವಿದ್ಯಾರ್ಥಿದೆಸೆಯಲ್ಲಿ ಓದಿದ ಪರಿ ಅದ್ಭುತವಾದುದು. ಆದರೆ ಆ ಓದು ಅವರ ಕಣ್ಣುಗಳನ್ನು ಕೆಡಿಸಿತು, ಆ ಬಾಧೆ ಮುಂದೆಯೂ ಅವರನ್ನು ಬಿಡಲಿಲ್ಲ. ಇದು ಅವರೊಬ್ಬರ ಕಥೆಯಾಗಿರಲಿಲ್ಲ. ಮುಂಬಯಿಯ ಪದವೀಧರರು ಅಕಾಲದಲ್ಲಿ ಮರಣ ಹೊಂದುತ್ತಿರುವುದೇಕೆ ಎಂಬ ಪ್ರಶ್ನೆಯನ್ನೇ ರಾನಡೆಯವರು ೧೮೯೦ರ ದಶಕದಲ್ಲಿ ಒಂದು ಉಪನ್ಯಾಸದ ವಿಷಯವಾಗಿ ಆಯ್ದುಕೊಂಡರು. ಹೈಕೋರ್ಟಿನ ನ್ಯಾಯಾಧೀಶರ ಪದವಿಗೇರಿದ ಗಂಭೀರ ವಿದ್ವಾಂಸರೊಬ್ಬರು ಇಂತಹ ವಿಷಯವನ್ನು ಎತ್ತಿಕೊಳ್ಳಬೇಕಾಯಿತೆಂದರೆ ಆ ಕಾಲದ ಓದಿನ ಒತ್ತಡವನ್ನು ಊಹಿಸಬಹುದು. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬುವರು ಈ ಒಂದು ಉಪನ್ಯಾಸದ ಶೀರ್ಷಿಕೆಯನ್ನಾದರೂ ನೆನಪಿನಲ್ಲಿಡಬೇಕು.

ಅಂದಿನ ಪರೀಕ್ಷಾಕ್ರಮದ ಕ್ರೌರ್ಯವಿದ್ದುದು ಅದರ ಅಖಂಡತೆಯಲ್ಲಿ. ಒಂದು ವಿಷಯದಲ್ಲಿ ಬಿದ್ದವನು ಇಡೀ ಪರೀಕ್ಷೆಯಲ್ಲಿ ಬಿದ್ದಂತೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಕುಂಭಕೋಣದ ಸರಕಾರಿ ಕಾಲೇಜಿನಲ್ಲಿ ಇಂಗ್ಲಿಷನ್ನು ಅಲಕ್ಷಿಸಿ ವಿದ್ಯಾರ್ಥಿವೇತನ ಕಳೆದುಕೊಂಡರು; ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದ ಮೇಲೆಯೂ ಎಫ್.ಎ. ಪರೀಕ್ಷೆಯನ್ನು ದಾಟಲಾಗಲಿಲ್ಲ. ಗಣಿತದಲ್ಲಿ ಅವರಿಗಿದ್ದ ಪ್ರಭುತ್ವ ಇತರ ವಿಷಯಗಳ ಕೊರತೆಯನ್ನು ತುಂಬಿಕೊಡಲಿಲ್ಲ. ೧೯೧೨ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ದೊರೆಯುವತನಕ ಅವರು ಹೊಟ್ಟೆಪಾಡಿಗಾಗಿ ಅಲೆದರು. ಆ ಕೆಲಸದ ಸಂಬಳ ವರ್ಷಕ್ಕೆ ೨೦ ಪೌಂಡುಗಳೆಂದು ಅವರು ಮರುವರ್ಷ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಬರೆದ ಮೊದಲ ಪತ್ರದಲ್ಲಿಯೇ ತಿಳಿಸಿದ್ದಾರೆ. ಅತ್ತ, ಪರೀಕ್ಷೆಗೆ ಕುಳಿತು ಬಿದ್ದವರೂ ತಮ್ಮ ಹೆಸರಿನ ಮುಂದೆ ‘ಬಿ.ಎ. ಫೇಲ್’ ಎಂದು ಬರೆದುಕೊಳ್ಳುವ ಪದ್ಧತಿ ದೇಶದಾದ್ಯಂತ ಹಬ್ಬಿತ್ತು. ನಾವು ಅದನ್ನು ಹಾಸ್ಯಕ್ಕೆ ಬಳಸುತ್ತೇವೆ. ಆದರೆ ಅದರ ಹಿಂದೆ, ಅಲ್ಲಿಯವರೆಗೆ ಹೋಗಿದ್ದೇನೆ, ಒಂದು ಕೆಲಸ ಕೊಡಿ ಎಂಬ ದೀನ ಪ್ರಾರ್ಥನೆಯಿತ್ತು.

ಇನ್ನು ನಮ್ಮ ನಾಡಿನ ಮಾತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ವಿದ್ಯಾರ್ಥಿಗೆ ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಪದವಿ ವ್ಯಾಸಂಗವೆಂದರೆ ಪುಣೆ ಅಥವಾ ಮುಂಬಯಿ. ಅನ್ಯಭಾಷೆಯ ಊರು, ಬಾಡಿಗೆಯ ಕೋಣೆ, ಮನೆಯಿಂದ ಬರುವ ಮನಿಯಾರ್ಡರಿನ ನಿರೀಕ್ಷೆ. ಒಂದು ವರ್ಷ ಮಳೆ ಕೈಕೊಟ್ಟರೆ ಮನಿಯಾರ್ಡರು ನಿಲ್ಲುತ್ತಿತ್ತು, ಅದರೊಂದಿಗೆ ಓದೂ ನಿಲ್ಲುತ್ತಿತ್ತು. ಕಡೆಯ ವರ್ಷದಲ್ಲಿ ಓದು ನಿಂತರೆ ಹಿಂದಿನ ವರ್ಷಗಳ ವೆಚ್ಚವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಈ ಸ್ಥಿತಿಯನ್ನು ಅರಿತೇ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ ನಿಧಿ ಕೂಡಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯರು ೧೯೦೬ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿರಿಸಿ ಮೃತ್ಯುಪತ್ರ ಬರೆದರು. ಅದರಿಂದ ಹುಟ್ಟಿದ ಟ್ರಸ್ಟಿನ ನೆರವು ಸಾಲರೂಪದ ವಿದ್ಯಾರ್ಥಿವೇತನವಾಗಿತ್ತು. ಸಾಲವೆಂದೊಡನೆ ಮೂಗು ಮುರಿಯಬೇಕಾಗಿಲ್ಲ. ವಿದ್ಯಾರ್ಥಿ ಮುಂದೆ ಗಳಿಸಿಯಾನೆಂಬ ಭರವಸೆಯ ಮೇಲೆ ಹಣ ಕೊಟ್ಟವರು ಅವನ ಭವಿಷ್ಯದ ಅನಿಶ್ಚಿತತೆಯಲ್ಲಿ ತಾವೂ ಪಾಲುಗಾರರಾದರು. ದಾನಕ್ಕಿಂತ ಇದು ಒಂದು ವಿಷಯದಲ್ಲಿ ಮೇಲು: ಇಲ್ಲಿ ಕೊಟ್ಟವರೂ ಫಲಿತಾಂಶಕ್ಕಾಗಿ ಕಾದರು.

೧೯೧೬ ನಮ್ಮ ವಿದ್ಯಾಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ನವೆಂಬರಿನಲ್ಲಿ ಏಳು ಮಂದಿ ಅಧ್ಯಾಪಕರ ತ್ಯಾಗದಿಂದ ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. ಆದರೆ ಕಾಲೇಜು ಹತ್ತಿರ ಬಂದರೆ ಸಾಲದು, ಅನ್ನವೂ ಹತ್ತಿರ ಬರಬೇಕು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರಕ್ಕೆ ವಿದ್ಯಾರ್ಥಿ ನಿಲಯ ಸೇರಿಕೊಂಡಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳವರು ಉಚಿತ ಪ್ರಸಾದ ನಿಲಯ ನಡೆಸಿದರು. ಒಕ್ಕಲಿಗರ ಸಂಘವೇ ಮೊದಲಾದ ಇತರ ಸಮಾಜಗಳ ಸಂಸ್ಥೆಗಳೂ ಇದೇ ದಶಕಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ತೆರೆದವು. ಬ್ರಾಹ್ಮಣ ಬಡ ವಿದ್ಯಾರ್ಥಿಗಳಿಗೆ ವಾರಾನ್ನದ ಪದ್ಧತಿ ಹಿಂದಿನಿಂದಲೇ ಇತ್ತು. ಈ ನಿಲಯಗಳ ಬಗ್ಗೆ ಬರೆಯುವವರು ದಾಸೋಹದ ಮಹಿಮೆಯನ್ನು ಬಣ್ಣಿಸಿ ನಿಲ್ಲಿಸುತ್ತಾರೆ. ಅಲ್ಲಿ ನಡೆದ ಇನ್ನೊಂದು ಕಾರ್ಯ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಒಂದು ಪುಸ್ತಕವನ್ನು ಸರದಿಯಿಂದ ಹಲವರು ಓದುವುದು, ಹಿಂದಿನ ವರ್ಷದವನು ಬರೆದಿಟ್ಟ ಟಿಪ್ಪಣಿ ಮುಂದಿನವನಿಗೆ ದೊರೆಯುವುದು, ಬೆಳಗಿನ ಗಂಟೆಗೆ ಎಲ್ಲರೂ ಏಳುವುದು, ರಾತ್ರಿ ಇಂಥ ವೇಳೆಗೆ ದೀಪ ಆರಿಸಲೇಬೇಕೆಂಬ ನಿಯಮ. ಇವೆಲ್ಲ ಸೇರಿ ಒಬ್ಬಂಟಿಯ ಭಯವನ್ನು ಹಂಚಿಹಾಕಿದವು. ದೀಪ ಆರಿಸುವ ನಿಯಮವನ್ನು ಜಿಪುಣತನವೆಂದು ವಿದ್ಯಾರ್ಥಿಗಳು ಬೈದುಕೊಂಡದ್ದುಂಟು. ರಾನಡೆಯವರ ಕಣ್ಣುಗಳನ್ನು ನೆನೆದರೆ ಅದು ಎಣ್ಣೆಗಿಂತ ಹೆಚ್ಚಿನದನ್ನು ಉಳಿಸಿತೆನ್ನಬೇಕು.

ತೋಟದಪ್ಪನವರ ನಿಲಯದಲ್ಲಿದ್ದು ಓದಿದವರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಒಬ್ಬ ತರುಣರಿದ್ದರು. ೧೯೨೬ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಸೆಂಟ್ರಲ್ ಕಾಲೇಜಿಗೆ ಸೇರಿ, ಭೌತಶಾಸ್ತ್ರ ಮತ್ತು ಗಣಿತವನ್ನು ಐಚ್ಛಿಕವಾಗಿ ಆರಿಸಿಕೊಂಡಿದ್ದರು. ಪದವಿ ಕೈಗೆ ಬರುವ ಮುನ್ನವೇ, ೧೯೩೦ರ ಆರಂಭದಲ್ಲಿ, ಸಿದ್ಧಗಂಗಾ ಮಠದ ನಿಯೋಜಿತ ಉತ್ತರಾಧಿಕಾರಿಗಳು ಅನಿರೀಕ್ಷಿತವಾಗಿ ಲಿಂಗೈಕ್ಯರಾದರು. ಉದ್ದಾನ ಶಿವಯೋಗಿಗಳ ದೃಷ್ಟಿ ಈ ವಿದ್ಯಾರ್ಥಿಯ ಮೇಲೆ ಬಿದ್ದಿತು. ಆ ವರ್ಷದ ಮಾರ್ಚ್ ೩ರಂದು ಅವರಿಗೆ ವಿರಕ್ತಾಶ್ರಮವಾಯಿತು. ಅವರೇ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು. ಬಿ.ಎ. ಪದವಿ ಅವರಿಗೆ ದೊರೆಯಲೇ ಇಲ್ಲ. ೧೯೬೫ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ಅರ್ಪಿಸಿತು. ಈ ಸಂಗತಿಯನ್ನು ಪದವಿಯ ನಿಸ್ಸಾರತೆಗೆ ದೃಷ್ಟಾಂತವಾಗಿ ಹೇಳುವುದು ರೂಢಿ. ನಮಗೆ ಹಾಗೆ ತೋರುವುದಿಲ್ಲ. ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಸಾವಿರಾರು ಮಕ್ಕಳಿಗೆ ಅನ್ನ, ವಸತಿ ಕೊಟ್ಟು ಪರೀಕ್ಷೆಗೆ ಕಳುಹಿಸಿದರು. ಪರೀಕ್ಷೆ ವ್ಯರ್ಥವೆಂದು ಯಾರಿಗೂ ಬೋಧಿಸಲಿಲ್ಲ. ಅವರಿಗೆ ಮುಂದಿನ ದಾರಿ ಕರೆದುಕೊಂಡು ಬಂದಿತು. ಎಲ್ಲರಿಗೂ ಹಾಗೆ ಕರೆ ಬರುವುದಿಲ್ಲ ಎಂಬುದನ್ನು ಅವರಷ್ಟು ಬಲ್ಲವರು ಯಾರು?

ಯಾವ ಸಮಾಜದ ನಿಧಿಯೂ ಯಾವ ನಿಲಯದ ಬಾಗಿಲೂ ತೆರೆಯದಿದ್ದವರ ಪಾಡೇನು? ಇದಕ್ಕೆ ಡಾ. ಅಂಬೇಡ್ಕರ್ ಅವರ ಜೀವನದ ೧೯೧೩ರಿಂದ ೧೯೨೩ರವರೆಗಿನ ಹತ್ತು ವರ್ಷಗಳನ್ನು ಓದಬೇಕು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ ಅಲ್ಲಿಂದ ೧೯೧೬ರಲ್ಲಿ ಲಂಡನ್ನಿಗೂ ಹೋದರು. ೧೯೧೭ರಲ್ಲಿ ವೇತನದ ಅವಧಿ ಮುಗಿಯಿತು. ವ್ಯಾಸಂಗ ನಡುವೆ ನಿಂತಿತು. ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವೆನೆಂಬ ಕರಾರಿನಂತೆ ಬರೋಡಾಕ್ಕೆ ಬಂದರೆ, ಉದ್ಯೋಗವಿದ್ದರೂ ತಂಗಲು ಮನೆ ದೊರೆಯಲಿಲ್ಲ; ಪಾರ್ಸಿ ವಸತಿಗೃಹವೊಂದರಿಂದ ಅವರನ್ನು ಜಾತಿಯ ಕಾರಣಕ್ಕೆ ಹೊರಹಾಕಲಾಯಿತು. ಮುಂದೆ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಮಿತ್ರ ನವಲ್ ಭಾಥೇನಾ ಅವರ ಸಾಲ, ಇವುಗಳಿಂದ ೧೯೨೦ರಲ್ಲಿ ಲಂಡನ್ನಿಗೆ ಮರಳಿದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಮಹಾಪ್ರಬಂಧವನ್ನು ತಿದ್ದಿ ಬರೆಯಬೇಕೆಂದು ಪರೀಕ್ಷಕರು ಹಿಂದಿರುಗಿಸಿದಾಗ ಕೈಯಲ್ಲಿ ಹಣ ಮುಗಿದಿತ್ತು. ೧೯೨೩ರಲ್ಲಿ ಮುಂಬಯಿಗೆ ಬಂದು, ತಿದ್ದಿ, ಅಲ್ಲಿಂದಲೇ ಕಳುಹಿಸಿ ಡಿ.ಎಸ್‌ಸಿ. ಪಡೆದರು. ಅಂತಿಮ ಹಂತದ ಓದೂ ಜೀವನೋಪಾಯದ ಚಿಂತೆಯೂ ಒಂದೇ ಮೇಜಿನ ಮೇಲೆ ಕುಳಿತ ಚಿತ್ರ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ದೊರೆತೀತು? ಅಂತಹ ಮೇಧಾವಿಗೂ ಒಬ್ಬನೇ ನಿಂತು ಇದನ್ನು ದಾಟಲಾಗಲಿಲ್ಲ. ಒಬ್ಬ ಅರಸರೂ ಒಬ್ಬ ಗೆಳೆಯರೂ ಬೇಕಾದರು.

ಹುದ್ದೆಗಳ ಸಂಖ್ಯೆ ಮತ್ತು ಪದವೀಧರರ ಸಂಖ್ಯೆ, ಇವೆರಡೂ ಸಮನಾಗಿದ್ದ ಕಾಲ ಬಹುಬೇಗ ಕಳೆಯಿತು. ಮೈಸೂರು ಸಂಸ್ಥಾನದಲ್ಲಿ ಹುದ್ದೆಗಳು ಯಾರ ಪಾಲಾಗುತ್ತಿವೆ ಎಂಬ ಪ್ರಶ್ನೆಯೆದ್ದು ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ವಿದ್ಯಾವಂತರ ನಿರುದ್ಯೋಗ ಎಷ್ಟು ತೀವ್ರವಾಯಿತೆಂದರೆ ಸಂಯುಕ್ತ ಪ್ರಾಂತದ ಸರಕಾರ ತೇಜಬಹಾದುರ್ ಸಪ್ರೂ ಅವರ ಅಧ್ಯಕ್ಷತೆಯಲ್ಲಿ ಅದಕ್ಕೆಂದೇ ಸಮಿತಿ ರಚಿಸಿತು. ೧೯೩೫ರಲ್ಲಿ ವರದಿ ಬಂದಿತು. ಸ್ವಾತಂತ್ರ್ಯಾನಂತರ ಕಾಲೇಜುಗಳು ತಾಲ್ಲೂಕು ಕೇಂದ್ರಗಳಿಗೆ ಇಳಿದುಬಂದವು. ಯುದ್ಧದಿಂದ ಮರಳಿದ ಸೈನಿಕರಿಗಾಗಿ ೧೯೪೫ರಲ್ಲಿ ಆರಂಭವಾದ ಉದ್ಯೋಗ ವಿನಿಮಯ ಕೇಂದ್ರಗಳು ಪದವೀಧರರ ಸಾಲುಗಳಿಂದ ತುಂಬಿದವು. ೧೯೬೯ರಲ್ಲಿ ೧೪ ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಶಾಖೆಗಳು ಹೆಚ್ಚಿದಾಗ ಬ್ಯಾಂಕಿನ ನೌಕರಿಯೇ ಮಧ್ಯಮ ವರ್ಗದ ಮೋಕ್ಷವೆನಿಸಿತು. ಆ ವರ್ಷಗಳ ಪದವಿ ವಿದ್ಯಾರ್ಥಿ ಬೆಳಿಗ್ಗೆ ಕಾಲೇಜಿಗೆ ಹೋಗಿ ಸಂಜೆ ಟೈಪ್‌ರೈಟಿಂಗ್ ಸಂಸ್ಥೆಗೆ ಹೋಗುತ್ತಿದ್ದನು. ಕೆಲಸ ದೊರೆಯದವರು ಎಂ.ಎ.ಗೋ ಕಾನೂನಿಗೋ ಸೇರಿ ಇನ್ನೆರಡು ವರ್ಷ ತಳ್ಳಿದರು. ಜ್ಞಾನದಾಹದಿಂದಲ್ಲ, ಹಾಸ್ಟೆಲಿನ ಊಟ ತಪ್ಪದಿರಲಿ ಎಂದು ಸ್ನಾತಕೋತ್ತರ ತರಗತಿಗೆ ಸೇರಿದವರನ್ನು ನಾವು ಹಲವರನ್ನು ಕಂಡಿದ್ದೇವೆ. ಅವರಲ್ಲಿ ಕೆಲವರು ಒಳ್ಳೆಯ ವಿದ್ವಾಂಸರೂ ಆದರು.

ಪರೀಕ್ಷೆಯ ಭಾರವನ್ನು ತಗ್ಗಿಸಬೇಕೆಂದು ಹೇಳದ ಆಯೋಗವಿಲ್ಲ. ೧೯೧೭-೧೯ರ ಸ್ಯಾಡ್ಲರ್ ಆಯೋಗ ಹೇಳಿತು. ೧೯೪೮-೪೯ರ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಾದರೆ ಅದು ಪರೀಕ್ಷೆಯದಾಗಲಿ ಎಂಬ ಅಭಿಪ್ರಾಯ ಕೊಟ್ಟಿತು. ೧೯೬೪-೬೬ರ ಕೊಠಾರಿ ಆಯೋಗ ಆಂತರಿಕ ಮೌಲ್ಯಮಾಪನವನ್ನು ಒತ್ತಿಹೇಳಿತು. ಇವುಗಳ ಫಲವಾಗಿ ಬಂದ ಸೆಮಿಸ್ಟರ್ ಪದ್ಧತಿ ಮೊದಲು ಕೃಷಿ, ತಾಂತ್ರಿಕ ಶಿಕ್ಷಣಗಳಲ್ಲಿ ನೆಲೆಯೂರಿ, ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಸಾಮಾನ್ಯ ಪದವಿ ತರಗತಿಗಳಿಗೂ ವ್ಯಾಪಿಸಿತು. ಒಂದೇ ಪರೀಕ್ಷೆಯ ಮೇಲೆ ಬಾಳು ನಿಲ್ಲುವ ಹಳೆಯ ಕ್ರೌರ್ಯ ಇದರಿಂದ ನಿಜವಾಗಿಯೂ ತಗ್ಗಿತು. ಒಂದು ವಿಷಯದಲ್ಲಿ ಬಿದ್ದವನು ಅದನ್ನಷ್ಟೇ ಮತ್ತೆ ಬರೆದರೆ ಸಾಕು. ಆದರೆ ಹಿಂದೆ ವರ್ಷದ ಕಡೆಗೆ ಬರುತ್ತಿದ್ದ ಆತಂಕ ಈಗ ವರ್ಷವಿಡೀ ಹರಡಿಕೊಂಡಿತು. ಕಡೆಯ ಸೆಮಿಸ್ಟರಿನಲ್ಲಂತೂ ಹಿಂದಿನಿಂದ ಉಳಿದುಬಂದ ವಿಷಯಗಳು, ಯೋಜನಾ ವರದಿ, ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆ, ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ಸಂದರ್ಶನ, ಎಲ್ಲವೂ ನಾಲ್ಕೈದು ತಿಂಗಳಿನೊಳಗೆ ಬಂದು ಬೀಳುತ್ತವೆ. ಆಯೋಗಗಳು ೧೮೫೭ರ ಪರೀಕ್ಷೆಯನ್ನು ತುಂಡರಿಸಿದವು. ೧೮೪೪ರ ಹಗ್ಗವನ್ನು ಮುಟ್ಟಲಿಲ್ಲ.

೨೦೨೦ರಲ್ಲಿ ಇದು ನಿಚ್ಚಳವಾಗಿ ಕಂಡಿತು. ಕೋವಿಡ್ ವ್ಯಾಧಿಯ ಕಾರಣ ಕೆಳಗಿನ ಸೆಮಿಸ್ಟರುಗಳ ವಿದ್ಯಾರ್ಥಿಗಳನ್ನು ಹಿಂದಿನ ಅಂಕಗಳ ಆಧಾರದ ಮೇಲೆ ಮುಂದಕ್ಕೆ ಕಳುಹಿಸಲು ಸಾಧ್ಯವಾಯಿತು. ಅಂತಿಮ ಸೆಮಿಸ್ಟರಿನವರಿಗೆ ಮಾತ್ರ ಪರೀಕ್ಷೆ ಆಗಲೇಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಜುಲೈಯಲ್ಲಿ ಆದೇಶಿಸಿತು. ರಾಜ್ಯಗಳು ದಿನಾಂಕ ಮುಂದೂಡಬಹುದು, ಪರೀಕ್ಷೆಯಿಲ್ಲದೆ ಪದವಿ ಕೊಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯ ಆಗಸ್ಟ್ ೨೮ರಂದು ತೀರ್ಪಿತ್ತಿತು. ಪರೀಕ್ಷೆ ಮುಂದೆ ಹೋದಷ್ಟೂ ಫಲಿತಾಂಶ ತಡವಾಯಿತು, ಫಲಿತಾಂಶ ತಡವಾದಷ್ಟೂ ಅರ್ಜಿ ಹಾಕುವ ಅವಕಾಶಗಳು ಜಾರಿದವು. ಅದಕ್ಕೂ ಮೊದಲು, ೨೦೦೮-೦೯ರ ಹಿಂಜರಿತದಲ್ಲಿ, ಕಾಲೇಜಿನಲ್ಲಿದ್ದಾಗಲೇ ನೇಮಕಾತಿ ಪತ್ರ ಪಡೆದಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಸೇರುವ ದಿನಕ್ಕಾಗಿ ತಿಂಗಳುಗಟ್ಟಲೆ ಕಾದರು. ೨೦೨೧ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ೫೪೫ ಪೊಲೀಸ್ ಸಬ್-ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮದ ಕಾರಣ ರದ್ದಾಗಿ, ಪ್ರಾಮಾಣಿಕವಾಗಿ ಬರೆದವರೂ ೨೦೨೪ರ ಜನವರಿಯವರೆಗೆ ಮರುಪರೀಕ್ಷೆಯ ದಾರಿ ನೋಡಬೇಕಾಯಿತು. ವಿದ್ಯಾರ್ಥಿ ಎಷ್ಟೇ ಶ್ರದ್ಧೆಯಿಂದ ಓದಿದರೂ ಈ ಕಾಯುವಿಕೆ ಅವನ ಕೈಯಲ್ಲಿಲ್ಲ.

ಇತಿಹಾಸದಲ್ಲಿ ಈ ಸಂಕಟವನ್ನು ತಗ್ಗಿಸಿದ್ದು ಉಪದೇಶವಲ್ಲ; ಅನ್ನ, ನೆಲೆ, ಸಾಲ, ಗೆಳೆತನ. ಆದರೆ ನಮ್ಮ ಪ್ರಸಾದ ನಿಲಯಗಳೂ ವಿದ್ಯಾರ್ಥಿವೇತನಗಳೂ ಪರೀಕ್ಷೆಯ ಕಡೆಯ ದಿನಕ್ಕೆ ತಮ್ಮ ಕೆಲಸ ಮುಗಿಯಿತೆಂದು ತಿಳಿದಿವೆ. ಉತ್ತರ ಪತ್ರಿಕೆ ಒಪ್ಪಿಸಿದ ಮರುದಿನ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಬೇಕು. ಓದುವ ಸೌಕರ್ಯವಾಗಲಿ ಪುಸ್ತಕವಾಗಲಿ ಇಲ್ಲದ ಮನೆಯಲ್ಲಿ, ಹೊಲದ ಕೆಲಸದ ನಡುವೆ, ಮುಂದಿನ ಪರೀಕ್ಷೆಗಳಿಗೆ ಸಿದ್ಧನಾಗಬೇಕು. ಹೆಣ್ಣುಮಕ್ಕಳಿಗೆ ಆ ಅವಧಿಯಲ್ಲಿಯೇ ಮದುವೆಯ ಮಾತು ಏಳುತ್ತದೆ. ಹಲವರ ಓದು ಅಲ್ಲಿಗೇ ನಿಲ್ಲುತ್ತದೆ. ಅಂತಿಮ ವರ್ಷದವರನ್ನು ಫಲಿತಾಂಶ ಬಂದು ಆರು ತಿಂಗಳವರೆಗೆ ನಿಲಯದಲ್ಲಿಯೇ ಇರಿಸಿಕೊಳ್ಳಬೇಕೆಂದು ನಾವು ಕೆಲವು ಸಭೆಗಳಲ್ಲಿ ಸೂಚಿಸಿದ್ದುಂಟು. ಸ್ಥಳವಿಲ್ಲ, ಹೊಸಬರು ಬರುತ್ತಾರೆ ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ. ಆದರೆ ಲಿಂಗರಾಜ ದೇಸಾಯರ ಕಾಲದಲ್ಲಿ ಸ್ಥಳವೂ ಹಣವೂ ಇದಕ್ಕಿಂತ ಕಡಿಮೆಯಿದ್ದವು.

ಈ ಕಾಯುವ ಕಾಲಕ್ಕೆಂದೇ ರಾಜ್ಯ ಸರಕಾರ ಹಣ ಕೊಡತೊಡಗಿದ್ದು ೨೦೨೪ರಲ್ಲಿ. ಆ ವರ್ಷದ ಜನವರಿ ೧೨ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯ ಪ್ರಕಾರ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ ೩೦೦೦ ರೂಪಾಯಿ, ಡಿಪ್ಲೊಮಾ ಪಡೆದವನಿಗೆ ೧೫೦೦ ರೂಪಾಯಿ, ಗರಿಷ್ಠ ಎರಡು ವರ್ಷ. ತೇರ್ಗಡೆಯಾಗಿ ೧೮೦ ದಿನ ಕಳೆದರೂ ಕೆಲಸ ದೊರೆತಿಲ್ಲವೆಂದು ತೋರಿಸಬೇಕೆಂಬುದು ಅದರ ನಿಬಂಧನೆ. ೧೮೦ ದಿನವೆಂದರೆ ಸರಿಯಾಗಿ ಒಂದು ಸೆಮಿಸ್ಟರು. ಪಾಠವಿಲ್ಲದ, ಪರೀಕ್ಷೆಯಿಲ್ಲದ, ಊಟದ ಗಂಟೆ ಬಾರಿಸದ ಆ ಏಳನೆಯ ಸೆಮಿಸ್ಟರಿಗೆ ಯಾವ ನಿಲಯದಲ್ಲಿಯೂ ಇನ್ನೂ ಕೋಣೆ ಗೊತ್ತುಮಾಡಿಲ್ಲ.